ಕಲಾಯಿಯವನ ಶಿಕ್ಷೆ

ವಕೀಲಿ ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಹೊರದೇಶದಿಂದ ಬಂದವನೊಬ್ಬ ನಮ್ಮೂರಲ್ಲಿ ತಪ್ಪು ಮಾಡಿದ. ಮಾಡಿದ್ದು ನಿಜ. ಅಂಥವನ ಪರ ನಿಂತು ನಾನು ವಾದಿಸುವುದಾದರೂ ಏನನ್ನು?"

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ ಕತೆ ತೆಗೆದರು.

ಒಂದು ಪಟ್ಟಣದ ಸಂತೆಬೀದಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನ ಪಕ್ಕದಲ್ಲೇ ಪಾತ್ರೆಗಳಿಗೆ ಕಲಾಯಿ ಹಾಕುವವನೊಬ್ಬ ಒಲೆ ಹೂಡಿಕೊಂಡಿದ್ದ. ಕಲಾಯಿಯವನು ನದಿಯಾಚೆಯ ರಾಜ್ಯದವನು. ಅಲ್ಲಿನ ಅರಸ ಅವನ ಮನೆತನದ ಮೇಲೆ ಹಗೆ ಸಾಧಿಸುತ್ತಿದ್ದ. ಜೀವ ಉಳಿಸಿಕೊಂಡು ಈಚೆ ದಡಕ್ಕೆ ಬಂದವನು ಇಲ್ಲೇ ಮದುವೆಯಾಗಿ ಒಬ್ಬ ಮಗಳ ತಂದೆಯಾಗಿದ್ದ.

ಒಲೆಯ ಹೊಗೆ ಬೆಲ್ಲಕ್ಕೆ ತಾಗುತ್ತದೆಂದು ಇಬ್ಬರಿಗೂ ದಿನವೂ ಮಾತು ಬೆಳೆಯುತ್ತಿತ್ತು. ಒಂದು ಬೆಳಿಗ್ಗೆ ವ್ಯಾಪಾರಿ ಸಿಟ್ಟಿನಲ್ಲಿ ಅವನ ರುಮಾಲು ಹಿಡಿದೆಳೆದ. ಕಲಾಯಿಯವನು ತಳ್ಳಿದ. ವ್ಯಾಪಾರಿ ಹೋಗಿ ತನ್ನ ಬೆಲ್ಲದ ರಾಶಿಯ ಮೇಲೆಯೇ ಬಿದ್ದ. ಕಾವಲುಗಾರ ಬಂದು ಇಬ್ಬರನ್ನೂ ನ್ಯಾಯಾಧೀಶರ ಮುಂದೆ ನಿಲ್ಲಿಸಿದ.

ಬೀದಿಯಲ್ಲಿ ಕೈ ಮಾಡಿದವರು ಒಂದು ದಿನ ಆ ಬೀದಿಯನ್ನು ಗುಡಿಸಬೇಕು. ಆ ಪಟ್ಟಣದ ಶಿಕ್ಷೆ ಅಷ್ಟೆ. ವ್ಯಾಪಾರಿ ತಪ್ಪೊಪ್ಪಿಕೊಂಡು ಪೊರಕೆ ಇಸಿದುಕೊಂಡ. ಕಲಾಯಿಯವನೂ ಒಪ್ಪಿಕೊಳ್ಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಪರವಾಗಿ ನಿಂತಿದ್ದ ವಕೀಲೆ ಅವನ ತೋಳು ಹಿಡಿದಳು.

"ಸ್ವಲ್ಪ ತಾಳಪ್ಪ. ಕೈ ಮಾಡಿದೆನೆಂದು ಹೊರದೇಶದವನು ಒಪ್ಪಿಕೊಂಡರೆ, ಗುಡಿಸಿ ಮುಗಿದ ಮೇಲೆ ಅವನನ್ನು ದೋಣಿ ಹತ್ತಿಸಿ ಆಚೆ ದಡಕ್ಕೆ ಬಿಡುತ್ತಾರೆ. ಗಡಿಯ ಕಾನೂನು ಹಾಗಿದೆ. ನಿನಗೆ ಗೊತ್ತಿತ್ತೆ?"

ಅವನಿಗೆ ಗೊತ್ತಿರಲಿಲ್ಲ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡ.

ವಕೀಲೆ ಇದನ್ನೇ ನ್ಯಾಯಾಧೀಶರ ಮುಂದಿಟ್ಟಳು. ಅವರೆಂದರು: "ಇಬ್ಬರದೂ ಒಂದೇ ತಪ್ಪು. ಇಬ್ಬರಿಗೂ ಪೊರಕೆಯನ್ನೇ ಕೊಡುತ್ತಿದ್ದೇನೆ. ದೋಣಿ ನನ್ನದಲ್ಲ."

"ದೋಣಿ ಹೊರಡುವುದು ನಿಮ್ಮ ತೀರ್ಪು ಕೇಳಿಯೇ ಸ್ವಾಮಿ. ಪೊರಕೆ ಬೇಡವೆಂದು ನಾನು ಹೇಳುವುದಿಲ್ಲ. ಬೀದಿಯಲ್ಲಿ ಗದ್ದಲ ಮಾಡಿದ್ದಕ್ಕೂ ಗುಡಿಸುವ ಶಿಕ್ಷೆಯೇ ಇದೆ, ಆದರೆ ಗದ್ದಲಕ್ಕೆ ಯಾರನ್ನೂ ಗಡಿ ದಾಟಿಸುವುದಿಲ್ಲ. ಗದ್ದಲವಂತೂ ಆಗಿದೆ, ಇಡೀ ಸಂತೆ ಕೇಳಿಸಿಕೊಂಡಿದೆ. ಆ ತಪ್ಪನ್ನು ಹೊರಿಸಿ, ಇವನು ಈಗಲೇ ಒಪ್ಪಿಕೊಳ್ಳುತ್ತಾನೆ."

ನ್ಯಾಯಾಧೀಶರು ಯೋಚಿಸಿದರು. ಬಿದ್ದವನ ಮಾತನ್ನೂ ಕೇಳಬೇಕೆಂದು ವ್ಯಾಪಾರಿಯತ್ತ ತಿರುಗಿದರು. ವ್ಯಾಪಾರಿಯ ಬೆನ್ನಿಗೆ ಬೆಲ್ಲ ಇನ್ನೂ ಅಂಟಿಕೊಂಡಿತ್ತು. ನೊಣಗಳು ಅವನನ್ನು ಬಿಡುತ್ತಿರಲಿಲ್ಲ.

"ಇವನ ಹೊಗೆ ನನಗಾಗದು ಸ್ವಾಮಿ. ನಾಳೆಯೂ ಹೇಳುತ್ತೇನೆ, ಆಗದು. ಆದರೆ ಮೊದಲು ರುಮಾಲಿಗೆ ಕೈ ಹಾಕಿದವನು ನಾನು. ಇವನ ಮಗಳು ದಿನವಿಡೀ ನನ್ನ ಅಂಗಡಿಯಲ್ಲೇ ಆಡಿಕೊಂಡಿರುತ್ತಾಳೆ. ಅಪ್ಪ ಎಲ್ಲಿ ಅಂತ ಕೇಳಿದರೆ ನಾನು ಏನು ಹೇಳಲಿ? ಗದ್ದಲ ಅಂತಲೇ ಬರೆಯಿರಿ."

ನ್ಯಾಯಾಧೀಶರು ಹಾಗೆಯೇ ಬರೆಸಿದರು.

ಇಬ್ಬರೂ ಬೀದಿ ಗುಡಿಸಿದರು. ಯಾವ ತುದಿಯಿಂದ ಶುರು ಮಾಡಬೇಕೆಂದು ಮತ್ತೆ ಜಗಳವಾಡಿದರು, ಆದರೆ ಈ ಸಲ ಪಿಸುಮಾತಿನಲ್ಲಿ. ಮಧ್ಯಾಹ್ನ ಕಲಾಯಿಯವನ ಹೆಂಡತಿ ಮಜ್ಜಿಗೆ ತಂದಳು. ವ್ಯಾಪಾರಿ ಉಪ್ಪು ಸಾಲದೆಂದು ಹೇಳಿ ಎರಡು ಲೋಟ ಕುಡಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಕಲಾಯಿಯವನು ತಳ್ಳಿದ್ದು ನಿಜವಲ್ಲವೆ? ಅದಕ್ಕಾಗಿ ಅವನನ್ನು ಕಳಿಸಿಬಿಟ್ಟಿದ್ದರೆ ಅನ್ಯಾಯವೇನಿತ್ತು?"

ಗುರುಗಳು ಹೇಳಿದರು: "ವ್ಯಾಪಾರಿ ಎಳೆದದ್ದೂ ನಿಜ, ಅವನನ್ನು ಎಲ್ಲಿಗೆ ಕಳಿಸುತ್ತಿದ್ದೆ?"