ಪಾತ್ರೆ ವ್ಯಾಪಾರಿಯ ಸ್ಟೀರಿಯೋ

"ಗುರುಗಳೇ, ಜಪಕ್ಕೆ ಕುಳಿತರೆ ನನ್ನ ಮನಸ್ಸು ನಿಲ್ಲುವುದಿಲ್ಲ. ಇನ್ನೇನನ್ನು ಬದಲಿಸಲಿ?" ಎಂದು ಅಡಿವೆಯ್ಯ ಕೇಳಿದ.

ಅಡಿವೆಯ್ಯ ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಶ್ರದ್ಧೆಗೆ ಕೊರತೆಯಿರಲಿಲ್ಲ. ಆದರೆ ಈ ಪ್ರಶ್ನೆ ಹೊಸದಲ್ಲ. ಮೊದಲು ಅವನು ಮೂಡಣಕ್ಕೆ ಮುಖ ಮಾಡಿ ಕೂರುತ್ತಿದ್ದ, ಆಮೇಲೆ ಬಡಗಣಕ್ಕೆ ತಿರುಗಿದ. ಚಾಪೆ ಬಿಟ್ಟು ಕಂಬಳಿ ಹಾಸಿದ. ಕಂಬಳಿ ಚುಚ್ಚುತ್ತದೆಂದು ಮಣೆ ಹಾಕಿಕೊಂಡ. ರುದ್ರಾಕ್ಷಿಯ ಮಣಿಗಳು ಸಣ್ಣವಾದವೆಂದು ಬೇರೆ ಸರ ತರಿಸಿದ. ಪ್ರತಿಸಲವೂ ಬಂದು ಕೇಳುತ್ತಿದ್ದ. ಗುರುಗಳು ಸುಮ್ಮನೆ ಕೂತುಕೋ ಎಂದಷ್ಟೇ ಹೇಳಿ ಕಳಿಸುತ್ತಿದ್ದರು. ಈ ಸಲ ಅವರು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿ ಬೇಸರದಿಂದ ಅವನ ಮುಖ ನೋಡಿದರು.

"ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ," ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ನಮ್ಮ ಮಠಕ್ಕೆ ನಡೆದುಕೊಳ್ಳುವವನೇ. ಕೆಟ್ಟವನಲ್ಲ. ಅವನಿಗೆ ಸಂಗೀತದ ಹುಚ್ಚು ಎಂದು ಊರವರು ಹೇಳುತ್ತಿದ್ದರು. ಅವನ ಹೆಂಡತಿ ಹಾಗೆ ಹೇಳುತ್ತಿರಲಿಲ್ಲ. ಈ ಕತೆಯನ್ನು ನನಗೆ ಹೇಳಿದವಳು ಅವಳೇ.

ವ್ಯಾಪಾರಿ ಮನೆಯ ನಡುಮನೆಯಲ್ಲಿ ಒಂದು ಸ್ಟೀರಿಯೋ ಇಟ್ಟಿದ್ದ. ರೆಕಾರ್ಡು ತಿರುಗುವ ಪೆಟ್ಟಿಗೆ ಒಂದು, ಆಂಪ್ಲಿಫೈಯರ್ ಒಂದು, ಆಳೆತ್ತರದ ಎರಡು ಸ್ಪೀಕರು. ಒಳ್ಳೆಯ ಸಾಮಾನು. ಅಂಗಡಿಯಿಂದ ತಂದ ದಿನವೇ ಚೆನ್ನಾಗಿ ಹಾಡುತ್ತಿತ್ತು. ಅದು ಇನ್ನೂ ಚೆನ್ನಾಗಿ ಹಾಡಬಹುದು ಎಂಬ ಮಾತನ್ನು ಯಾರೋ ಅವನ ಕಿವಿಗೆ ಹಾಕಿದರು. ಅಲ್ಲಿಗೆ ಆ ಮನೆಯ ನೆಮ್ಮದಿ ಮುಗಿಯಿತು.

ವೈರುಗಳು ನೆಲ ಮುಟ್ಟಿದರೆ ದನಿ ಮಂಕಾಗುತ್ತದೆಂದು ಅವನು ಚಹಾ ಕುಡಿಯುವ ಪಿಂಗಾಣಿ ಬಟ್ಟಲುಗಳನ್ನು ಬೋರಲು ಹಾಕಿ ಅವುಗಳ ಮೇಲೆ ವೈರು ಹಾಯಿಸಿದ. ಬಂದವರಿಗೆ ಸ್ಟೀಲು ಲೋಟದಲ್ಲಿ ಚಹಾ ಕೊಡುವುದು ರೂಢಿಯಾಯಿತು. ಗಾಜು ದನಿಯನ್ನು ಎತ್ತಿ ಎಸೆಯುತ್ತದೆಂದು ಗೋಡೆಯ ಫೋಟೋಗಳನ್ನೆಲ್ಲ ಇಳಿಸಿದ. ಅವನ ತಂದೆಯ ಫೋಟೋ ಅಕ್ಕಿ ಡಬ್ಬಿಯ ಹಿಂದೆ ಹೋಯಿತು. ತಂಪಿಗೆ ತಾಮ್ರ ಹದಕ್ಕೆ ಬರುತ್ತದೆಂದು ಕೇಳಿ ವೈರಿನ ಸುರುಳಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟ. ಅವನು ಕೇಳಲು ಕೂತಾಗ ಮನೆಯಲ್ಲಿ ಫ್ಯಾನು ತಿರುಗುವಂತಿರಲಿಲ್ಲ, ಮಿಕ್ಸಿ ಹಾಕುವಂತಿರಲಿಲ್ಲ. ಹೆಂಡತಿ ಬೇಸಿಗೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಒರಳಿನಲ್ಲಿ ಚಟ್ನಿ ಅರೆದಳು. ಅವನಂಥವರೇ ಇಬ್ಬರು ಗೆಳೆಯರಿದ್ದರು. ಒಬ್ಬ ವಕೀಲ, ಇನ್ನೊಬ್ಬ ಬ್ಯಾಂಕಿನಿಂದ ನಿವೃತ್ತನಾದವನು. ಮೂವರೂ ಸೇರಿದರೆ ಒಬ್ಬ ಸ್ಪೀಕರನ್ನು ಅಂಗುಲ ಸರಿಸುವುದು, ಇಬ್ಬರು ಕಣ್ಣು ಮುಚ್ಚಿ ತಲೆಯಾಡಿಸುವುದು. ಹೀಗೆ ವರ್ಷಗಳು ಹೋದವು.

ಪರೀಕ್ಷೆಗೆ ಅವರು ಹಾಕುತ್ತಿದ್ದದ್ದು ಒಂದೇ ರೆಕಾರ್ಡು. ಯಾವುದೋ ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಒಬ್ಬ ಗಾಯಕಿ ತಂಬೂರಿಗೆ ಹಾಡಿದ ತತ್ವಪದ, ಒಂದು ಮಗ್ಗುಲು ತುಂಬ ಒಂದೇ ಪದ. ಮೊದಲ ಸ್ವರ ಉದ್ದವಾಗಿ, ಅಲುಗಾಡದೆ ಬರುತ್ತದೆ. ದನಿಯ ದೋಷ ಹಿಡಿಯಲು ಇದಕ್ಕಿಂತ ಒಳ್ಳೆಯದಿಲ್ಲ ಎಂದು ವಕೀಲ ಹೇಳಿದ್ದ. ಆ ಸ್ವರ ಬರುವುದು, ವ್ಯಾಪಾರಿ ರೆಕಾರ್ಡಿನ ಮುಳ್ಳು ಎತ್ತುವುದು, ಏನನ್ನೋ ಬದಲಿಸುವುದು, ಮತ್ತೆ ಅದೇ ಸ್ವರ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಆ ಸ್ವರದ ಮೇಲೆ ದ್ವೇಷ ಹುಟ್ಟಿತು.

ಒಂದು ಮದುವೆ ಮನೆಯಲ್ಲಿ ಬ್ಯಾಂಕಿನವನಿಗೆ ಆ ಗಾಯಕಿಯೇ ಎದುರಾದಳು. ಮುದುಕಿಯಾಗಿದ್ದಳು. ದೂರದ ಊರಿನಲ್ಲಿ ಸೋದರಳಿಯನ ಮನೆಯಲ್ಲಿದ್ದಳು. ಹಾಡುವುದನ್ನು ಬಿಟ್ಟಿದ್ದಳು. ನಿಮ್ಮ ರೆಕಾರ್ಡು ನಮ್ಮ ಗೆಳೆಯನಲ್ಲಿದೆ ಎಂದು ಅವನು ಹೇಳಿದಾಗ ಅವಳು ಅವನ ಕೈ ಹಿಡಿದುಕೊಂಡಳು. ಅವಳ ಬಳಿ ಇದ್ದದ್ದು ಒಡೆದುಹೋಗಿತ್ತು. ಎಲ್ಲಿ ಹುಡುಕಿದರೂ ಇನ್ನೊಂದು ಸಿಕ್ಕಿರಲಿಲ್ಲ. ನಾನು ಬಂದು ಕೇಳಬಹುದೇ ಎಂದಳು. ಸುದ್ದಿ ಮುಟ್ಟಿದಾಗ ವ್ಯಾಪಾರಿ ಹಿಗ್ಗಿಹೋದ. ಹಾಡಿದವರೇ ಬಂದು ತನ್ನ ಸ್ಟೀರಿಯೋ ಕೇಳುತ್ತಾರೆ.

ಗಾಯಕಿ ಬಸ್ಸು ಹಿಡಿದು ಒಬ್ಬಳೇ ಬಂದಳು. ಸಂಜೆಯ ಬಸ್ಸಿಗೆ ಮರಳಬೇಕಿತ್ತು. ಹೆಂಡತಿ ಊಟಕ್ಕೆ ಏಳಿ ಎಂದರೆ, ಮೊದಲು ಕೇಳೋಣ ತಾಯಿ ಎಂದಳು. ಕುರ್ಚಿಯಲ್ಲಿ ಕೂತು, ಕೋಲನ್ನು ಪಕ್ಕಕ್ಕಿಟ್ಟು, ತಾನು ಬಂದ ಕಾರಣ ಹೇಳಿದಳು.

"ಆ ದಿನ ಪದದ ಕೊನೆಯಲ್ಲಿ ನನಗೆ ಉಸಿರು ಸಾಲಲಿಲ್ಲ. ಒಂದು ಸಾಲು ತಪ್ಪಿತು. ಹಿಂದೆ ತಂಬೂರಿ ಹಿಡಿದು ಕೂತಿದ್ದ ನನ್ನ ತಂಗಿ ತುಂಗಾ ಅದನ್ನು ಎತ್ತಿಕೊಂಡು ಹಾಡಿದಳು. ಅವಳು ಹೋಗಿ ಬಹಳ ಕಾಲವಾಯಿತಪ್ಪ. ಅವಳ ದನಿ ಉಳಿದಿರುವುದು ಅದೊಂದೇ ಕಡೆ."

ವ್ಯಾಪಾರಿ ಗೆಳೆಯರ ಮುಖ ನೋಡಿದ. ಗೆಳೆಯರು ಅವನ ಮುಖ ನೋಡಿದರು. ಆ ರೆಕಾರ್ಡಿನಲ್ಲಿ ಎರಡನೆಯ ದನಿ ಇದೆ ಎಂಬುದು ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ವ್ಯಾಪಾರಿಯ ಕಣ್ಣು ತೇವವಾಯಿತು. ಅಮ್ಮಾ, ನಿಮ್ಮ ತಂಗಿ ಉಸಿರೆಳೆದುಕೊಂಡದ್ದು ಕೂಡ ಕೇಳುವ ಹಾಗೆ ಹಾಕುತ್ತೇನೆ ಎಂದ. ಮನಸ್ಸಿನಿಂದಲೇ ಹೇಳಿದ.

ರೆಕಾರ್ಡು ತಿರುಗಿತು. ಮೊದಲ ಸ್ವರ ಬಂತು. ಗಾಯಕಿ ಕಣ್ಣು ಮುಚ್ಚಿದಳು. ವ್ಯಾಪಾರಿ ಮುಳ್ಳು ಎತ್ತಿದ.

ದನಿಯಲ್ಲಿ ಕೊಂಚ ಒರಟು ಇದೆ, ನಿಮಗೆ ಹೀಗೆ ಕೇಳಿಸುವುದು ಸರಿಯಲ್ಲ ಎಂದ. ವಕೀಲ ಅದು ಫ್ರಿಜ್ಜಿನ ದೋಷ ಎಂದ. ಫ್ರಿಜ್ಜು ಆರಿಸಿದರು. ಮತ್ತೆ ಹಾಕಿದರು, ಮತ್ತೆ ಎತ್ತಿದರು. ಬ್ಯಾಂಕಿನವನು ಗಾಯಕಿಯ ಕುರ್ಚಿಯೇ ಸರಿಯಾದ ಜಾಗದಲ್ಲಿಲ್ಲ ಎಂದ. ಮುದುಕಿ ಎದ್ದಳು, ಕುರ್ಚಿ ಸರಿಸಿದರು, ಮುದುಕಿ ಕೂತಳು. ಆಮೇಲೆ ಬಲಗಡೆಯ ಸ್ಪೀಕರು ಸ್ವಲ್ಪ ಒಳಕ್ಕೆ ತಿರುಗಿತು. ಎಡಗಡೆಯದಕ್ಕೂ ಸಮಾಧಾನ ಮಾಡಬೇಕಾಯಿತು. ನಡುವೆ ಒಮ್ಮೆ ಆಲಾಪ ಸ್ವಲ್ಪ ದೂರ ಸಾಗಿತು. ಆಗ ಕರೆಂಟು ಏರಿಳಿಯುತ್ತಿದೆ ಎಂದು ವ್ಯಾಪಾರಿಗೆ ಅನುಮಾನ ಬಂತು.

ಗಾಯಕಿ ಮೃದುವಾಗಿ, "ನನಗೆ ಇಷ್ಟು ಸಾಕಪ್ಪ. ಓಡಲಿ ಬಿಡು," ಎಂದಳು.

ಇದು ನಿಮ್ಮ ನಿಜವಾದ ದನಿಯಲ್ಲಮ್ಮ, ಸ್ವಲ್ಪ ತಾಳಿ ಎಂದು ವ್ಯಾಪಾರಿ ಬೇಡಿಕೊಂಡ. ಹಾಗಾದರೆ ಕೊನೆಯ ಭಾಗವನ್ನಷ್ಟೇ ಹಾಕು ಎಂದು ಅವಳು ಕೇಳಿದಳು. ನಡುವೆ ಮುಳ್ಳು ಇಟ್ಟರೆ ರೆಕಾರ್ಡಿಗೆ ಗೆರೆ ಬೀಳುತ್ತದೆ ಎಂದು ಅವನು ಹೆದರಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. ಅವರು ಬಸ್ಸಿಗೆ ಹೋಗಬೇಕು, ಒಂದೇ ಒಂದು ಸಲ ಪೂರ್ತಿ ಬಿಡಿ ಎಂದಳು. ವ್ಯಾಪಾರಿ ಸಿಡುಕಿದ. ಅಷ್ಟು ದೂರದಿಂದ ಬಂದವರಿಗೆ ಕೆಟ್ಟ ದನಿ ಕೇಳಿಸಿ ಕಳಿಸಲೇ ಎಂದು ಕೇಳಿದ.

ವಕೀಲನಿಗೆ ಆಗ ಒಂದು ಉಪಾಯ ಹೊಳೆಯಿತು. ಪೆಟ್ಟಿಗೆಯ ಕೆಳಗಿನ ಕಲ್ಲು ತೆಗೆದು ಮರದ ಹಲಗೆ ಇಡಬೇಕೆಂದ. ತನ್ನ ಮನೆಯಲ್ಲಿದ್ದ ಹಲಗೆ ತರಲು ಹೋದ. ಅವನು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಗಾಯಕಿ ಕೋಲು ಹಿಡಿದು ಎದ್ದಳು. ಯಾರನ್ನೂ ದೂರಲಿಲ್ಲ. ಹೆಂಡತಿ ಅವಳ ಕೈ ಹಿಡಿದು ಬಸ್‌ ನಿಲ್ದಾಣದವರೆಗೂ ನಡೆದಳು. ಬಸ್ಸು ಹೊರಡುವ ಮುಂಚೆ ಹೆಂಡತಿ ಆ ಸೋದರಳಿಯನ ಫೋನ್ ನಂಬರು ಕೇಳಿ ಪಡೆದಳು.

ಅವಳು ಮನೆಗೆ ಬಂದಾಗ ಗಂಡನೂ ಗೆಳೆಯರೂ ಸಂಭ್ರಮದಲ್ಲಿದ್ದರು. ಹಲಗೆ ಇಟ್ಟ ಮೇಲೆ ಒರಟು ಹೋಗಿತ್ತು. ಇನ್ನೊಂದು ಗಳಿಗೆ ಕೂತಿದ್ದರೆ ಅವರಿಗೂ ಸಿಗುತ್ತಿತ್ತು, ದುರದೃಷ್ಟ ನೋಡು ಎಂದು ವ್ಯಾಪಾರಿ ಮರುಗಿದ. ಹೊಸ ಸ್ಟೆಬಿಲೈಸರ್ ತರಿಸಿದ ಮೇಲೆ ಅವರನ್ನು ಮತ್ತೆ ಕರೆಸೋಣ ಎಂದ. ಹೀಗೆನ್ನುತ್ತಲೇ ಮುಳ್ಳು ಎತ್ತಿ ಮತ್ತೆ ಮೊದಲಿಗೆ ಇಟ್ಟ.

ಮರುದಿನ ಅವನು ಅಂಗಡಿಗೆ ಹೋದ ಮೇಲೆ ಹೆಂಡತಿ ನಡುಮನೆಗೆ ಬಂದಳು. ಸೆಕೆ ಇತ್ತು, ಫ್ಯಾನು ಹಾಕಿದಳು. ಅಷ್ಟು ವರ್ಷ ನೋಡಿ ನೋಡಿ ಮುಳ್ಳು ಇಡುವುದು ಅವಳಿಗೆ ಗೊತ್ತಿತ್ತು. ಸ್ಪೀಕರಿನ ಮುಂದೆ ಒಂದು ಸ್ಟೂಲು, ಅದರ ಮೇಲೆ ಹಾಡು ಹಿಡಿದಿಡಲು ತನ್ನ ಮೊಬೈಲು ಇಟ್ಟು ರೆಕಾರ್ಡು ಹಾಕಿದಳು. ಆ ದ್ವೇಷದ ಸ್ವರ ಬಂತು, ದಾಟಿ ಮುಂದೆ ಹೋಯಿತು. ಅದರಾಚೆಗೆ ಏನಿದೆ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೊರಗೆ ಸೊಪ್ಪಿನವಳು ಕೂಗಿದಳು. ಒಲೆಯ ಮೇಲೆ ಕುಕ್ಕರು ಸೀಟಿ ಹಾಕಿತು. ಅವಳು ಏಳಲಿಲ್ಲ. ಕೊನೆಗೆ ಒಂದೆಡೆ ಹಾಡು ತಡವರಿಸಿ ನಿಂತಿತು. ಆಗ ದೂರದಿಂದ ಎಂಬಂತೆ, ಇನ್ನೂ ಎಳೆಯದಾದ ಒಂದು ದನಿ ಬಂದು ಆ ಸಾಲನ್ನು ನಡೆಸಿಕೊಂಡು ಹೋಯಿತು. ಹೆಂಡತಿ ನೆಲದ ಮೇಲೆ ಕೂತು ಅತ್ತಳು.

ಅದನ್ನು ಅವಳು ಸೋದರಳಿಯನ ಮೊಬೈಲಿಗೆ ಕಳಿಸಿದಳು. ಸಂಜೆ ಅವನು ಫೋನು ಮಾಡಿದ. ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಮಲಗಿದ್ದಾರೆ, ಮತ್ತೆ ಮತ್ತೆ ಹಾಕು ಎನ್ನುತ್ತಾರೆ, ತುಂಗಾ ನನಗಿಂತ ಚೆನ್ನಾಗಿ ಹಾಡಿದ್ದಾಳೆ ಎಂದು ನಗುತ್ತಾರೆ, ಅಳುತ್ತಾರೆ ಎಂದ.

ಅಂಗಡಿ ಮುಚ್ಚಿ ಬಂದ ಗಂಡನಿಗೆ ಹೆಂಡತಿ ಎಲ್ಲವನ್ನೂ ಹೇಳಿದಳು. ವ್ಯಾಪಾರಿ ತಲೆಯ ಮೇಲೆ ಕೈ ಹೊತ್ತುಕೊಂಡ.

"ಮೊಬೈಲಿನಲ್ಲೇ? ಅದರಲ್ಲಿ ಏನು ಕೇಳಿಸೀತು?"

"ಅವರ ತಂಗಿ ಕೇಳಿಸಿದಳು," ಎಂದು ಹೆಂಡತಿ ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಯ್ಯ ತಲೆ ತಗ್ಗಿಸಿ ಕೈಮುಗಿದ. ಅವನಿಗೆ ತಿಳಿಯಿತೆಂದು ಗುರುಗಳು ಮತ್ತೆ ಪುಸ್ತಕ ತೆರೆದರು. ಆಗ ಅವನು ತನ್ನ ಮಣೆಯ ಕಡೆ ಒಮ್ಮೆ ನೋಡಿ, ಸಂಕೋಚದಿಂದ ಬಾಯಿ ತೆರೆದ.

"ಗುರುಗಳೇ, ಆ ವಕೀಲ ತಂದ ಹಲಗೆ ಯಾವ ಮರದ್ದು?"

ಗುರುಗಳು ಕಣ್ಣು ಮುಚ್ಚಿ ತೆರೆದು ಹೇಳಿದರು:

"ತುಂಗಾ ಹಾಡಿದ ಸಾಲು ಯಾವುದೆಂದು ನೀನು ಕೇಳಲೇ ಇಲ್ಲವಲ್ಲ, ಅಡಿವೆಯ್ಯ."