ಹೆಸರು ಹೇಳದ ಗಾಳಿ

ಟೈರಿಗೆ ಏನು ತುಂಬಿದೆವೋ ಅದನ್ನೇ ತುಂಬಿದೆವು ಎನ್ನಬೇಕು. ಚಿತ್ರದುರ್ಗದ ಹೆದ್ದಾರಿಯ ಆ ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಮುರಿದ ನಿಯಮ ಇದೇ. ಹೆಚ್ಚು ದುಡ್ಡು ಪಡೆದು ಟೈರಿಗೆ ನೈಟ್ರೋಜನ್ ತುಂಬುವ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಕೆಲಸದವರು ಬರೀ ಗಾಳಿ ತುಂಬಿ, ನೈಟ್ರೋಜನ್ನಿನ ಗುರುತಾದ ಹಸಿರು ಮುಚ್ಚಳ ತಿರುಗಿಸುತ್ತಿದ್ದರು. ಗಿರಾಕಿಗಳೂ ಕಡಿಮೆಯವರಲ್ಲ. "ಗಾಡಿ ಮೋಡದ ಮೇಲೆ ತೇಲಿದ ಹಾಗಿದೆ" ಎಂದು ಕಣ್ಣು ಅರೆಮುಚ್ಚಿ ಹೇಳುತ್ತಿದ್ದರು.

ಹೊಸದಾಗಿ ಸೇರಿದ ಬೋರಮ್ಮನನ್ನು ಮಾಲೀಕ ಧನಂಜಯಪ್ಪನವರು ಕರೆದರು. "ನೋಡಮ್ಮ, ಗಾಳಿ ಅನ್ನೋ ಮಾತು ನಿನ್ನ ಬಾಯಿಂದ ಬಂದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಆ ಕೆಲಸ ಹೋದರೆ ಅವಳ ಮನೆಯ ಒಲೆ ಉರಿಯುವಂತಿರಲಿಲ್ಲ. "ಆ ಮಾತೇ ಆಡಲ್ಲ, ಯಜಮಾನ್ರೆ" ಎಂದಳು.

ಸಂಜೆ ಒಂದು ದೊಡ್ಡ ಕಾರು ಬಂತು. ಬಿಸಿಲು ಕರಗುತ್ತಿತ್ತು. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ನಿದ್ದೆಗಣ್ಣಿನಲ್ಲಿ ಕೈ ಬೀಸಿದಂತೆ ತಿರುಗುತ್ತಿದ್ದವು. ಬೋರಮ್ಮ ನಾಲ್ಕೂ ಟೈರು ತುಂಬಿದಳು.

"ನೈಟ್ರೋಜನ್ನೇ ತಾನೆ ಹಾಕಿದ್ದು?" ಕಾರಿನವರು ಕೇಳಿದರು.

ಅವಳು ಗುಡ್ಡದ ಕಡೆ ಕೈ ತೋರಿದಳು. "ಅಲ್ಲಿ ರೆಕ್ಕೆ ತಿರುಗಿಸ್ತಾ ಇದೆಯಲ್ಲ ಸಾರ್, ಅದನ್ನೇ ಹಾಕಿದ್ದು."

ಕಾರಿನವರು ಗುಡ್ಡವನ್ನೇ ನೋಡುತ್ತ ನಿಂತರು. ಆಮೇಲೆ ಸಣ್ಣಗೆ ನಕ್ಕರು. ಧನಂಜಯಪ್ಪನವರು ಓಡಿಬಂದರು. "ಏನಂದೆ ನೀನು?"

"ನೀವು ಬೇಡ ಅಂದ ಮಾತು ಆಡಿಲ್ಲ ಯಜಮಾನ್ರೆ. ಬೇಕಾದ್ರೆ ಇವರನ್ನೇ ಕೇಳಿ."

"ಆಡಿಲ್ಲ," ಎಂದರು ಕಾರಿನವರು. "ಆ ಮಾತು ನಾನೇ ಆಡ್ತೀನಿ. ಗಾಳಿ, ಅಲ್ಲವೇ?"

ಧನಂಜಯಪ್ಪನವರು ಹಸಿರು ಮುಚ್ಚಳಗಳನ್ನು ಅವಳ ಕೈಗೆ ತುರುಕಿ, "ಇದನ್ನಾದರೂ ಹಾಕು" ಎಂದರು.

ಬೋರಮ್ಮ ಅವನ್ನು ಅವರ ಅಂಗೈಗೇ ಮೆಲ್ಲಗೆ ಹಿಂದಿರುಗಿಸಿ, ಕಾರಿನ ಹಳೆಯ ಕರಿ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿದಳು.