ಕಾಡುಕೋಣ ಕಾದ ಗೋಲು

ಈ ಸಲದ ಹಾಕಿ ಟ್ರೋಫಿ ಜಿಂಕೆಗಳ ಕಾಲೇಜಿಗೇ ಎಂದು ಕಾಡಿಗೆ ಕಾಡೇ ಮಾತಾಡಿಕೊಳ್ಳುತ್ತಿತ್ತು. ಅವುಗಳ ಗೋಲು ಕಾಯುತ್ತಿದ್ದದ್ದು ಕಾಡುಕೋಣ. ಜಿಂಕೆಗಳ ಓಟಕ್ಕೆ ಚೆಂಡು ಯಾವಾಗಲೂ ಎದುರಾಳಿಯ ಕಡೆಯೇ ಇರುತ್ತಿದ್ದುದರಿಂದ ಕೋಣ ನಿಂತಲ್ಲೇ ಮೆಲುಕು ಹಾಕುತ್ತಾ ಕಾಲ ಕಳೆಯುತ್ತಿತ್ತು.

ಫೈನಲ್‌ನಲ್ಲಿ ಎದುರಾದದ್ದು ಯಾರೂ ಲೆಕ್ಕಕ್ಕಿಡದ ಮೊಲಗಳು. ಜಿಂಕೆಗಳು ಹೊಡೆದ ಚೆಂಡನ್ನೆಲ್ಲ ಮೊಲಗಳ ಗೋಲು ಕಾಯುವ ಚಿಪ್ಪುಹಂದಿ ಮೈಯೊಡ್ಡಿ ತಡೆಯಿತು. ಆಟ ಮುಗಿಯುವ ಹೊತ್ತಿಗೆ ಒಂದೇ ಒಂದು ಚೆಂಡು ಕೋಣದ ಕಡೆ ಬಂತು. ಕೋಣ ಬೆದರಿ ಪಕ್ಕಕ್ಕೆ ಸರಿಯಿತು. ಮೊಲಗಳು ಗೆದ್ದವು.

“ಬಂದದ್ದೇ ಒಂದು, ಅದನ್ನೂ ಬಿಟ್ಟೆಯಲ್ಲ!” ಎಂದು ಜಿಂಕೆಗಳು ಬೈದು ಹೊರಟುಹೋದವು.

ಚಿಪ್ಪುಹಂದಿ ಕುಂಟುತ್ತಾ ಬಂದು ಕೇಳಿತು: “ಕೋಣಣ್ಣ, ಅಭ್ಯಾಸದಲ್ಲಿ ನಿಮ್ಮವರು ನಿಮ್ಮತ್ತ ಚೆಂಡು ಹೊಡೆಯುತ್ತಿರಲಿಲ್ಲವೇ?”

“ನಮ್ಮ ಗೋಲಿನ ತನಕ ಚೆಂಡು ಬರುವುದೇ ಇಲ್ಲ, ನಿನಗೇಕೆ ಅಭ್ಯಾಸ ಅಂದರು. ನನಗೂ ಹಾಯಾಗಿತ್ತು.”

“ನನಗೆ ನಮ್ಮವರು ದಿನಾ ಹೊಡೆಯುತ್ತಾರೆ. ಏಳಿ, ಗೋಲಿನ ಮುಂದೆ ನಿಲ್ಲಿ.”

ಗೆದ್ದ ಟ್ರೋಫಿಯನ್ನು ಹುಲ್ಲಿನ ಮೇಲಿಟ್ಟು ಚಿಪ್ಪುಹಂದಿ ಸ್ಟಿಕ್ ಬೀಸಿತು. ಚೆಂಡು ಬಂದು ಎದೆಗೆ ಬಡಿಯಿತು. ಕೋಣದ ಕಣ್ಣಲ್ಲಿ ನೀರು ಬಂತು, ಆದರೆ ಚೆಂಡು ಗೆರೆ ದಾಟಲಿಲ್ಲ.

“ಇನ್ನೊಂದು ಹೊಡಿ,” ಎಂದಿತು ಕೋಣ.